ಐದನೇ ಲೆಕ್ಕದ ಕೆಳಗೆ ಬರೆದದ್ದು

ಬೆಳಿಗ್ಗೆ ಬೈಂಡಿಂಗ್ ಅಂಗಡಿಯ ಬಾಗಿಲು ತೆರೆದ ಕೂಡಲೇ ಸೂಜಕ್ಕ ಮಾಡುವ ಮೊದಲ ಕೆಲಸ ಸೂಜಿ ಎಣಿಸುವುದು. ಹಳೆಯ ಬಿಸ್ಕತ್ತಿನ ಡಬ್ಬಿಯ ತಳಕ್ಕೆ ಕಂಬಳಿಯ ತುಂಡೊಂದನ್ನು ಹಾಸಿ, ಅದರಲ್ಲಿ ಹನ್ನೊಂದು ಸೂಜಿ ಸಾಲಾಗಿ ಚುಚ್ಚಿಟ್ಟಿದ್ದಾಳೆ. ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿ ಎಣಿಸಿ, "ಹನ್ನೊಂದೂ ಇವೆ, ದೇವರೇ" ಎಂದು ತುಟಿಯಲ್ಲೇ ಹೇಳಿಕೊಂಡು ಕೆಲಸಕ್ಕೆ ಕೂರುತ್ತಾಳೆ. ಸಂಜೆ ಹೊರಡುವ ಮುಂಚೆ ಮತ್ತೊಮ್ಮೆ ಎಣಿಕೆ. ಜ್ವರ ಬಂದಿದ್ದರೂ, ಮಗಳು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರೂ ಇದು ತಪ್ಪಿದ್ದಿಲ್ಲ. ಒಂದು ಸೂಜಿ ಕಡಿಮೆ ಬಂತೆಂದರೆ ಆ ದಿನ ಹೊಲಿದ ಪುಸ್ತಕಗಳನ್ನೆಲ್ಲ ಪುಟ ಪುಟ ಬಿಡಿಸಿ ನೋಡುತ್ತಾಳೆ. ಹದಿನಾಲ್ಕು ವರ್ಷದಲ್ಲಿ ಹಾಗಾದದ್ದು ಎರಡೇ ಸಲ. ಒಮ್ಮೆ ಸೂಜಿ ಅವಳ ತೋಳಿನ ಬಟ್ಟೆಯಲ್ಲೇ ಸಿಕ್ಕಿಕೊಂಡಿತ್ತು. ಇನ್ನೊಮ್ಮೆ ನಿಜವಾಗಿಯೂ ಒಂದು ಪುಸ್ತಕದ ಬೆನ್ನಿನಲ್ಲಿತ್ತು. ಅವತ್ತಿನಿಂದಲೇ ಅವಳಿಗೆ ಸೂಜಕ್ಕ ಎಂಬ ಹೆಸರು ಬಿದ್ದದ್ದು.

"ಒಂದು ಸೂಜಿಗೆ ಇಷ್ಟು ಹುಡುಕಾಟವಾ? ಹೋದ್ರೆ ಹೋಯ್ತು ಬಿಡು" ಎಂದು ಅಂಟು ಹಚ್ಚುವ ಅತ್ತಿಗೆ ಗೊಣಗಿದರೆ, "ಮಕ್ಕಳ ಕೈಗೆ ಹೋಗೋ ಪುಸ್ತಕ ಅತ್ತಿಗೆ, ಚುಚ್ಚಬಾರದು" ಎನ್ನುತ್ತಿದ್ದಳು. ಆ ಅತ್ತಿಗೆ ಅವಳ ಅಣ್ಣನ ಹೆಂಡತಿಯೇನಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಅತ್ತಿಗೆ.

ಸೂಜಕ್ಕ ಶಾಲೆಗೆ ಹೋದದ್ದು ಏಳನೇ ತರಗತಿಯವರೆಗೆ. ಮಿಕ್ಕ ಓದೆಲ್ಲ ಹೊಲಿಯುತ್ತ ಹೊಲಿಯುತ್ತ ಆದದ್ದು. ಅಚ್ಚಾದ ಪುಸ್ತಕ ಬೈಂಡಿಂಗಿಗೆ ಬರುವುದು ಹದಿನಾರು ಹದಿನಾರು ಪುಟದ ಕಟ್ಟುಗಳಾಗಿ. ಅವಳ ಮುಂದೆ ಯಾವ ಕಟ್ಟು ಬಿದ್ದಿದೆಯೋ ಅದನ್ನು ಓದುತ್ತಿದ್ದಳು. ಹೀಗಾಗಿ ಎಷ್ಟೋ ಕಥೆಗಳ ನಡುವಿನ ಹದಿನಾರು ಪುಟ ಅವಳಿಗೆ ಬಾಯಿಪಾಠ. ಆ ಕಥೆ ಹೇಗೆ ಶುರುವಾಯಿತು, ಕೊನೆಗೆ ಏನಾಯಿತು ಎಂದು ಕೇಳಿದರೆ ನಗುತ್ತಾಳೆ. ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾನೆ, ವಾರದಲ್ಲಿ ಮೂರು ನಾಲ್ಕು ದಿನ ಹೊರಗೇ. ಮನೆಯಲ್ಲಿ ಇವಳು ಮತ್ತು ಮಗಳು ಪುಟ್ಟಿ. ಈ ವರ್ಷ ಪುಟ್ಟಿ ಎಂಟನೇ ತರಗತಿಗೆ, ಹೈಸ್ಕೂಲಿಗೆ ಕಾಲಿಟ್ಟಳು. ತಾನು ಹೊಸ್ತಿಲವರೆಗೂ ಹೋಗದ ಕಡೆಗೆ ಮಗಳು ಹೋಗುತ್ತಿದ್ದಾಳೆ ಎಂಬುದು ಸೂಜಕ್ಕನಿಗೆ ಎಷ್ಟು ದೊಡ್ಡದಾಗಿತ್ತು ಎಂದರೆ, ಶಾಲೆಯವರು ಕೊಟ್ಟ ಸಾಮಾನಿನ ಪಟ್ಟಿಯನ್ನು ನಾಲ್ಕು ದಿನ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು ಓದಿದಳು. ಉದ್ದ ನೋಟ್‌ಬುಕ್ಕು ಹನ್ನೆರಡು, ಗ್ರಾಫ್ ಪುಸ್ತಕ, ವಿಜ್ಞಾನದ ರೆಕಾರ್ಡ್ ಪುಸ್ತಕ, ಅಟ್ಲಾಸು, ಕಂಪಾಸ್ ಬಾಕ್ಸು.

ಸ್ಟೇಷನರಿ ಅಂಗಡಿಯಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಪುಟ್ಟಿ ಆರು ಕಂಪಾಸ್ ಬಾಕ್ಸು ತೆಗೆಸಿ, ಒಂದೊಂದರ ಕೈವಾರವನ್ನೂ ಹಿಡಿದು ಅಂಗಡಿಯವರ ಹಳೇ ಪೇಪರಿನ ಮೇಲೆ ಸುತ್ತು ಎಳೆದು ನೋಡಿದಳು.

"ಅಮ್ಮಾ, ಇದರ ಕಾಲು ಸಡಿಲ."

"ಬಿಗಿ ಇರೋದು ನೋಡೇ. ಕಾಲೇ ನಡುಗ್ತಿದ್ರೆ ಸುತ್ತು ಹೇಗೆ ಬರುತ್ತೆ?"

"ಮನೆ ಕಟ್ಟೋಕೆ ಜಾಗ ನೋಡಿದ ಹಾಗೆ ನೋಡ್ತಿದೀರಲ್ಲ" ಎಂದರು ಅಂಗಡಿಯವರು. "ಹಿಂದೆ ಕ್ಯೂ ಬೆಳೀತಿದೆ, ಬೇಗ ಪಾಯ ಹಾಕಿ."

ಅರ್ಧಚಂದ್ರದ ಹಾಗಿದ್ದ ಪಾರದರ್ಶಕ ಪಟ್ಟಿಯನ್ನು ಸೂಜಕ್ಕ ಬೆಳಕಿಗೆ ಹಿಡಿದು, ಇದು ಯಾಕೆ ಎಂದು ಮಗಳ ಕಿವಿಯಲ್ಲಿ ಕೇಳಿದಳು. ಕೋನ ಅಳೆಯೋಕೆ ಎಂದು ಪುಟ್ಟಿಯೂ ಪಿಸುಗುಟ್ಟಿದಳು. ಕೋನಕ್ಕೂ ಒಂದು ಅಳತೆ ಇದೆ ಎಂದು ಸೂಜಕ್ಕ ತಲೆಯಾಡಿಸಿದಳು.

"ನೋಟ್‌ಬುಕ್ಕು ಎಷ್ಟು ಡಜನ್ ಕಟ್ಟಲಿ ಸೂಜಕ್ಕ?"

"ನೋಟ್‌ಬುಕ್ಕು ಬೇಡಪ್ಪ."

"ಹೌದಲ್ಲ, ನಂದೇ ತಪ್ಪು. ಕ್ಷೌರದವರ ಮನೆಗೆ ಹೋಗಿ ಕತ್ತರಿ ಬೇಕಾ ಅಂತ ಕೇಳಿದ ಹಾಗಾಯ್ತು."

ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಮಿರಮಿರ ಹೊಳೆಯುವ ರಟ್ಟಿನ ನೋಟ್‌ಬುಕ್ಕುಗಳನ್ನು ಎದೆಗವುಚಿಕೊಂಡಿದ್ದಳು. ಪುಟ್ಟಿಯ ಕಣ್ಣು ಅಲ್ಲಿಗೆ ಹೋದದ್ದು ಸೂಜಕ್ಕನಿಗೆ ಕಾಣಿಸಿತು. "ಬೇಕಾದ್ರೆ ಹೇಳು, ಒಂದೆರಡು ತಗೊಳ್ಳೋಣ" ಎಂದಳು. ಪುಟ್ಟಿ ಅಂಗಡಿಯವರಿಗೂ ಕೇಳುವ ಹಾಗೆ, "ಯಾರಿಗೆ ಬೇಕಮ್ಮ ಅದು? ಅರ್ಧ ವರ್ಷಕ್ಕೇ ಹಾಳೆ ಉದುರುತ್ತೆ. ನೀನು ಹೊಲಿದಿದ್ದು ಎಳೆದರೂ ಬರಲ್ಲ. ನಂಗೆ ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣದ ದಾರ ಹಾಕ್ಕೊಡು. ಗಣಿತಕ್ಕೆ ಹಸಿರು" ಎಂದಳು.

ಸೂಜಕ್ಕ ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ನಡೆದಳು.

ನೋಟ್‌ಬುಕ್ಕಿಗೆ ಹಾಳೆ ಎಲ್ಲಿಂದ ಎಂಬುದನ್ನೂ ಹೇಳಬೇಕು. ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಹೈಸ್ಕೂಲಿನವರು ಹಿಂದಿನ ವರ್ಷದ ಉತ್ತರ ಪತ್ರಿಕೆಗಳನ್ನು ಮೂಟೆ ಕಟ್ಟಿ ಬೈಂಡಿಂಗ್ ಅಂಗಡಿಗೆ ಕಳಿಸುತ್ತಾರೆ. ಬರೆದ ಹಾಳೆಗಳು ಚೂರಾಗಿ ರಟ್ಟಿನ ಕಾರ್ಖಾನೆಗೆ ಹೋಗಬೇಕು. ಮಕ್ಕಳು ಬರೆಯದೆ ಬಿಟ್ಟ ಖಾಲಿ ಹಾಳೆ ಅಂಗಡಿಗೆ. ಅದರಲ್ಲಿ ಕೆಲಸದವರು ತಮ್ಮ ಮಕ್ಕಳಿಗೆ ಬೇಕಾದಷ್ಟು ತೆಗೆದುಕೊಳ್ಳಬಹುದು ಎಂದು ಯಜಮಾನರು ಮೊದಲಿಂದಲೂ ಹೇಳಿದ್ದಾರೆ. ಅದರ ಜೊತೆಗೆ ಇನ್ನೊಂದು ಮಾತೂ ಹೇಳಿದ್ದಾರೆ: "ಬರೆದದ್ದು ಅವತ್ತೇ ಚೂರಾಗಬೇಕು. ಯಾರೂ ಓದಬಾರದು. ಶಾಲೆಗೆ ಮಾತು ಕೊಟ್ಟಿದೀನಿ."

ಮೊದಲನೆಯ ಮಾತನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದರು.

ನಿಜ ಹೇಳಬೇಕೆಂದರೆ, ಆ ಮೂಟೆ ಬಿಚ್ಚುವ ದಿನ ಅಂಗಡಿಯಲ್ಲಿ ಒಂದು ಸಣ್ಣ ಸಂಭ್ರಮ. ಚಹದ ಹೊತ್ತಿಗೆ ಯಾರಾದರೊಬ್ಬರು ಒಂದು ಹಾಳೆ ಎತ್ತಿ ಓದುವುದು, ಉಳಿದವರು ನಗುವುದು. ಹಸುವಿಗೆ ಎಷ್ಟು ಹೊಟ್ಟೆ ಎಂಬ ಪ್ರಶ್ನೆಗೆ 'ಹುಲ್ಲು ಸಿಕ್ಕಷ್ಟು' ಎಂದು ಬರೆದವನ ಉತ್ತರವನ್ನು ವರ್ಷಗಟ್ಟಲೆ ನೆನೆಸಿಕೊಂಡು ನಕ್ಕವರು ಅವರು. ಸೂಜಕ್ಕ ಚೆನ್ನಾಗಿ ಓದುತ್ತಿದ್ದಳು. ಧ್ವನಿ ಬದಲಿಸಿ, ಮೂಗಿನಲ್ಲಿ ಎಳೆದು, ಅಳುವ ಕಡೆ ಅತ್ತು. ಮಿಕ್ಕ ದಿನ ಮೂರು ಮಾತಾಡಿದರೆ ಹೆಚ್ಚು ಎನ್ನುವಂಥವಳು ಆ ಒಂದು ದಿನ ನಾಟಕದ ನಟಿಯಾಗುತ್ತಿದ್ದಳು.

ಈ ವರ್ಷ ಅವಳ ಕೈಗೆ ಸಿಕ್ಕಿದ್ದು ಎಂಟನೇ ತರಗತಿಯ ಗಣಿತದ ಪತ್ರಿಕೆ. ಯಾರದೆಂದು ಹೆಸರಿಲ್ಲ, ಮೇಲಿನ ಹಾಳೆಯನ್ನು ಶಾಲೆಯವರೇ ಕಿತ್ತುಕೊಂಡಿರುತ್ತಾರೆ. ಪೂರ್ತಿ ಖಾಲಿ ಎಂದುಕೊಂಡಿದ್ದ ಹಾಳೆಯ ನಡುವೆ '೫' ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು.

"ಕೇಳ್ರಪ್ಪ ಕೇಳಿ" ಎಂದು ಸೂಜಕ್ಕ ಎದ್ದು ನಿಂತಳು. "'ಸಾರ್, ಐದನೇ ಲೆಕ್ಕದ ಉತ್ತರ ನನಗೆ ಗೊತ್ತಿಲ್ಲ. ನಿಮಗೆ ಹೇಗೂ ಗೊತ್ತಿರುತ್ತದೆ. ನೀವೇ ಬರೆದುಕೊಂಡು ಅಂಕ ಹಾಕಿ, ನಾನು ಯಾರಿಗೂ ಹೇಳುವುದಿಲ್ಲ.'"

ಅತ್ತಿಗೆಗೆ ಚಹ ನೆತ್ತಿಗೇರಿತು. ಕತ್ತರಿಸುವ ಯಂತ್ರದ ಹತ್ತಿರ ಕೂತಿದ್ದ ಕಟಿಂಗ್ ಮಾವ ತೊಡೆ ತಟ್ಟಿಕೊಂಡು ನಕ್ಕರು. "ಎಂಥಾ ಧಾರಾಳ ಮನಸ್ಸು ನೋಡು! ಮುಂದೆ ಓದೇ."

"'ನನ್ನನ್ನು ಪಾಸು ಮಾಡಿದರೆ ನಿಮ್ಮ ಆಯುಸ್ಸು ಹೆಚ್ಚುತ್ತದೆ. ಓದಲಿಲ್ಲ ಎಂದಲ್ಲ ಸಾರ್. ಬೆಳಿಗ್ಗೆ ಅಡುಗೆ, ಸಂಜೆ ಪಾತ್ರೆ, ತಂಗಿಯ ಸ್ನಾನ ಎಲ್ಲ ನಾನೇ ಮಾಡಬೇಕು. ಅಮ್ಮ ದೂರದ ಊರಲ್ಲಿ ಕೆಲಸದಲ್ಲಿದ್ದಾರೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ಅಮ್ಮ ನಮ್ಮನ್ನು ಬಿಟ್ಟು ಹೋಗಿದ್ದಾರೆ. ಇದನ್ನು ತರಗತಿಯಲ್ಲಿ ಹೇಳಬೇಡಿ ಸಾರ್.'"

ಕಟಿಂಗ್ ಮಾವ 'ತಂಗಿಯ ಸ್ನಾನ' ಎಂಬಲ್ಲಿಗೇ ನಗು ನಿಲ್ಲಿಸಿದ್ದರು. ಸೂಜಕ್ಕ ನಿಲ್ಲಿಸಿರಲಿಲ್ಲ. ಅದೇ ಎಳೆದ ಧ್ವನಿಯಲ್ಲಿ, ಅದೇ ಮೂಗಿನ ರಾಗದಲ್ಲಿ ಕೊನೆಯ ಸಾಲಿನವರೆಗೂ ಓದಿ ಮುಗಿಸಿದಳು. ಮಾವ ಲೋಟ ಕೆಳಗಿಟ್ಟು, "ಪಾಪ ಕಣೆ" ಎಂದು ಎದ್ದು ಹೋದರು. ಆಗ ಅವಳಿಗೂ ಒಂದು ಕ್ಷಣ ಹೇಗೋ ಆಯಿತು. ಆದರೂ ಆ ಹಾಳೆಯನ್ನು ಚೂರಿನ ಮೂಟೆಗೆ ಹಾಕಲಿಲ್ಲ. 'ನೀವೇ ಬರೆದುಕೊಂಡು ಅಂಕ ಹಾಕಿ' ಎಂಬುದನ್ನು ಗಂಡ ಬಂದಾಗ ತೋರಿಸಬೇಕು ಎಂದು, ಬರೆದ ಬದಿ ಕೆಳಗಾಗುವಂತೆ, ಆರಿಸಿಟ್ಟ ಖಾಲಿ ಹಾಳೆಗಳ ಮೇಲೆ ಇಟ್ಟಳು. ಅಷ್ಟರಲ್ಲಿ ಯಜಮಾನರು ಕರೆದರು. ಯಾವುದೋ ಅವಸರದ ರಸೀದಿ ಪುಸ್ತಕಗಳ ಕೆಲಸ. ಮರುದಿನ ಬಂದವಳು ಹಾಳೆಯ ಮಾತನ್ನೇ ಮರೆತಿದ್ದಳು. ಬೇರೆಯವರು ಆರಿಸಿದ ಹಾಳೆಯಾಗಿದ್ದರೆ ಎರಡೂ ಬದಿ ತಿರುಗಿಸಿ ನೋಡುತ್ತಿದ್ದಳು. ತಾನೇ ಆರಿಸಿದ್ದಲ್ಲವೇ, ನೋಡುವುದೇನು? ಕುಟ್ಟಿ ಸಮ ಮಾಡಿ, ಮಡಿಸಿ, ಹಸಿರು ದಾರದಲ್ಲಿ ಹೊಲಿದಳು. ಅಂದು ಸಂಜೆ ಸೂಜಿ ಎಣಿಸಿದಳು. ಹನ್ನೊಂದೂ ಇದ್ದವು.

ಶಾಲೆ ಶುರುವಾಗಿ ಎರಡನೇ ವಾರ, ಒಂದು ಗುರುವಾರ, ಪುಟ್ಟಿ ಸಂಜೆ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಕುರ್ಚಿಯ ಮೇಲೆ ಕೂತಳು. ಕೇಳಿದ್ದಕ್ಕೆಲ್ಲ ಏನಿಲ್ಲ ಎಂದಳು. ತಿಂಡಿ ಮುಟ್ಟಲಿಲ್ಲ. ಸೂಜಕ್ಕ ಎದುರಿಗೆ ಕೂತು ಕಾದಳು. ಕಾಯುವುದು ಅವಳಿಗೆ ಗೊತ್ತು.

"ಅಮ್ಮ, ಗಣಿತದ ಪುಸ್ತಕದಲ್ಲಿ ಒಂದು ಹಾಳೇಲಿ ಯಾರೋ ಬರೆದಿದ್ದಿತ್ತು" ಎಂದಳು ಪುಟ್ಟಿ ಕೊನೆಗೆ. "ಮಂಗಳವಾರ ಸಾರ್ ಬಂದಿರಲಿಲ್ಲ. ತಮಾಷೆಯಾಗಿತ್ತು ಅಂತ ಎಲ್ಲರಿಗೂ ಓದಿ ಹೇಳಿದೆ."

"ಏನಂತ ಓದಿದೆ?"

ಪುಟ್ಟಿ ಎರಡು ಸಾಲು ಹೇಳಿ ತೋರಿಸಿದಳು. ಮೂಗಿನಲ್ಲಿ ಎಳೆದು, ಅಳುವ ಹಾಗೆ ಧ್ವನಿ ಮಾಡಿ. ಸೂಜಕ್ಕನಿಗೆ ಕಿವಿ ಬಿಸಿಯಾಯಿತು. ಅದು ಅವಳದೇ ಧ್ವನಿ. ಅಂಗಡಿಯಲ್ಲಿ ಓದುವಾಗ ಈ ಮಗು ಅಲ್ಲಿರಲಿಲ್ಲ. ಆದರೂ ಅದೇ ರಾಗ, ಅದೇ ಎಳೆತ.

"ಆಮೇಲೆ?"

"ಎಲ್ಲರೂ ನಕ್ಕರು. ನನ್ನ ಪಕ್ಕ ಕೂರ್ತಾಳಲ್ಲ, ಉದ್ದಜಡೆ, ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು." ಪುಟ್ಟಿ ಚೀಲದ ಪಟ್ಟಿ ಬಿಗಿಯಾಗಿ ಹಿಡಿದುಕೊಂಡಳು. "ಅಮ್ಮ ಬಿಟ್ಟು ಹೋಗಿದ್ದಾರೆ ಅನ್ನೋದು ಓದಿದಾಗ ಹಿಂದಿನ ಬೆಂಚಿನವಳು ಉದ್ದಜಡೆಗೆ, 'ಏ, ನಿಮ್ಮಮ್ಮನೂ ದೂರದ ಊರಲ್ಲೇ ಅಲ್ವೇನೇ ಕೆಲಸಕ್ಕಿರೋದು? ನೀನೂ ಎಂಟನೇದ್ರಲ್ಲಿ ಒಂದು ಸಲ ಫೇಲಾಗಿದ್ದೆ ಅಲ್ವಾ?' ಅಂದಳು. ಆಮೇಲೆ ಯಾರೂ ನಗಲಿಲ್ಲ. ಉದ್ದಜಡೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ನಗ್ತಾನೇ ಇದ್ದಳು. ನಿನ್ನೆ ಬಂದಿಲ್ಲ. ಇವತ್ತೂ ಬಂದಿಲ್ಲ. ಇನ್ನು ಬರೋದೇ ಇಲ್ಲ ಅಂದಳಂತೆ."

ಆಗ ಸೂಜಕ್ಕ ಒಂದು ಮಾತಾಡಿದಳು. ಅದನ್ನು ಅವಳು ಇವತ್ತಿಗೂ ಹೇಳುವಾಗ ತಲೆ ತಗ್ಗಿಸುತ್ತಾಳೆ. "ಬೇರೆಯವರ ಸಂಕಟ ಓದಿ ನಗೋದಾ? ಯಾರು ಕಲಿಸಿದ್ದು ನಿಂಗೆ ಇದನ್ನ?" ಎಂದು ಮಗಳನ್ನು ಗದರಿದಳು.

ಪುಟ್ಟಿ ಅಳುತ್ತಾ ಒಳಗೆ ಹೋದಳು. ಅಡುಗೆಮನೆಯ ಗೋಡೆಯ ಮೇಲೆ ಸಾಮಾನಿನ ಪಟ್ಟಿ ಇನ್ನೂ ಅಂಟಿಕೊಂಡೇ ಇತ್ತು, ತಂದದ್ದಕ್ಕೆಲ್ಲ ಗುರುತು ಹಾಕಿತ್ತು. ಸೂಜಕ್ಕ ಅದರ ಮುಂದೆ ನಿಂತು, ಮಗಳಿಗೆ ಕೇಳಿದ ಪ್ರಶ್ನೆಗೆ ತಾನೇ ಉತ್ತರ ಹೇಳಬೇಕಾಗಿ ಬಂತಲ್ಲ ಎಂದು ನೆಲ ನೋಡಿದಳು. ದಿನವೂ ಸಂಜೆ ಅರ್ಧ ಗಳಿಗೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂರುವುದು ಅವಳ ರೂಢಿ. ಅವತ್ತೂ ಕೂತಳು. ಒಂದು ಮಾತೂ ಹೊರಡಲಿಲ್ಲ. ಯಾರ ಮುಂದೆಯೂ ಇಷ್ಟು ಚಿಕ್ಕವಳಾಗಿ ಅವಳು ಕೂತಿರಲಿಲ್ಲ.

ಶುಕ್ರವಾರ ಅವಳು ಆ ಗಣಿತದ ಪುಸ್ತಕವನ್ನು ಅಂಗಡಿಗೆ ತಂದಳು. ಹಾಳೆಯನ್ನು ಹರಿದುಬಿಟ್ಟರೆ ಸಾಲದು. ಮಡಿಸಿ ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಕಿತ್ತರೆ ಅದರ ಜೋಡಿಯ ಹಾಳೆ ಆ ಕಡೆಯಿಂದ ಸಡಿಲವಾಗಿ, ಒಂದು ದಿನ ತಾನೂ ಉದುರುತ್ತದೆ. ಹಸಿರು ದಾರವನ್ನು ಕೊನೆಯ ಗಂಟಿನಿಂದ ಬಿಚ್ಚುತ್ತ ಬಂದಳು. ಕಟಿಂಗ್ ಮಾವ ದೂರದಿಂದ ನೋಡಿ ಹತ್ತಿರ ಬಂದರು. ಹಾಳೆಯನ್ನು ಗುರುತಿಸಿದರು.

"ಇದು ಅವತ್ತಿನದು ಅಲ್ವೇನೇ?"

"ಹೌದು ಮಾವ."

"ಎಲ್ಲಿಗೆ ಹೋಗಿತ್ತು?"

"ಎಲ್ಲಿಗೆ ಹೋಗಬಾರದಿತ್ತೋ ಅಲ್ಲಿಗೆ."

ಮಾವ ತಮ್ಮ ಯಂತ್ರದ ಕಡೆಗೆ ಹೊರಟರು. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು ಎಂದು ಅವಳಿಗೆ ಅನ್ನಿಸಿತು. ಅಂದು ಸೂಜಿ ಎಣಿಸುವಾಗ 'ದೇವರೇ' ಎಂಬ ಮಾತು ಬರಲಿಲ್ಲ. ಬರೀ ಹನ್ನೊಂದು ಎಂದಳು.

ಶನಿವಾರ ಮಧ್ಯಾಹ್ನ ತಾಯಿ ಮಗಳು ಉದ್ದಜಡೆಯ ಮನೆಗೆ ಹೊರಟರು. ವಿಳಾಸ ಪುಟ್ಟಿಗೆ ಗೊತ್ತಿತ್ತು: ಟೈರಿನ ಅಂಗಡಿಯ ಹಿಂದೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಎರಡನೇ ಮಹಡಿ. ಅಂಗಡಿಯಲ್ಲಿ ಮೊದಲು ಓದಿದವಳು ತಾನು ಎಂಬುದನ್ನು ದಾರಿಯಲ್ಲಿ ಮಗಳಿಗೆ ಹೇಳಿಬಿಡಬೇಕು ಎಂದು ಸೂಜಕ್ಕ ನಿರ್ಧರಿಸಿದ್ದಳು. ಆ ತಿರುವಿನಲ್ಲಿ ಹೇಳೋಣ ಎಂದುಕೊಂಡಳು, ತಿರುವು ಬಂತು. ಸೇತುವೆ ದಾಟಲಿ ಎಂದುಕೊಂಡಳು, ಸೇತುವೆಯೂ ದಾಟಿತು. ಮೆಟ್ಟಿಲ ಬುಡಕ್ಕೆ ಬಂದಾಗಲೂ ಅವಳ ಬಾಯಿ ಹೊಲಿದಂತಿತ್ತು.

ಬಾಗಿಲು ತೆರೆದದ್ದು ಉದ್ದಜಡೆಯೇ. ಕೈಯಲ್ಲಿ ಸೌಟು, ಜಡೆ ಎತ್ತಿ ಸುತ್ತಿ ಮುಡಿ ಕಟ್ಟಿತ್ತು. ಪುಟ್ಟಿಯನ್ನು ಕಂಡದ್ದೇ ಬಾಗಿಲನ್ನು ಅರ್ಧ ಮುಚ್ಚಿದಳು.

"ಅಪ್ಪ ಡ್ಯೂಟಿಗೆ ಹೋಗಿದಾರೆ."

"ನಿನ್ನನ್ನೇ ನೋಡೋಕೆ ಬಂದ್ವಿ ಮಗಳೇ" ಎಂದಳು ಸೂಜಕ್ಕ. "ನಾನು ಇವಳಮ್ಮ."

"ಸಾರಿ ಕಣೇ" ಎಂದು ಪುಟ್ಟಿ ಒಂದೇ ಉಸಿರಿಗೆ ಶುರುಮಾಡಿದಳು. "ಅದು ನಿಂದು ಅಂತ ನಂಗೆ ದೇವರಾಣೆ ಗೊತ್ತಿರಲಿಲ್ಲ."

"ನಂದಲ್ಲದೇ ಇದ್ದಿದ್ರೆ ಓದಬಹುದಿತ್ತಾ?"

ಒಳಗೆ ಚಿಕ್ಕ ಹುಡುಗಿಯೊಬ್ಬಳು ಒದ್ದೆ ಕೂದಲು ಬಿಟ್ಟುಕೊಂಡು ನೆಲದ ಮೇಲೆ ಕೂತು ಬಣ್ಣದ ಕಡ್ಡಿಗಳಿಂದ ಏನೋ ಗೀಚುತ್ತಿದ್ದಳು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಕಿಟಕಿಯ ಸರಳಿಗೆ ಶಾಲೆಯ ಸಮವಸ್ತ್ರ ಒಗೆದು ಒಣಹಾಕಿತ್ತು. ಶಾಲೆಗೆ ಇನ್ನು ಬರುವುದೇ ಇಲ್ಲ ಎಂದವಳು ಸಮವಸ್ತ್ರ ಒಗೆದಿದ್ದಾಳೆ ಎಂಬುದನ್ನು ಸೂಜಕ್ಕ ಗಮನಿಸಿದಳು.

ಕಾಗದದ ಲಕೋಟೆಯಿಂದ ಹಾಳೆ ತೆಗೆದು ಚಾಚಿದಳು. "ಪುಸ್ತಕ ಪೂರ್ತಿ ಬಿಚ್ಚಿ ತೆಗೆದೆ. ಇದು ನಿಂದು. ನಿನ್ನ ಹತ್ತಿರವೇ ಇರಲಿ."

ಉದ್ದಜಡೆ ಸೌಟನ್ನು ಇನ್ನೊಂದು ಕೈಗೆ ಬದಲಿಸಿ ಹಾಳೆ ಇಸಿದುಕೊಂಡಳು. ಮಡಿಕೆಯ ಉದ್ದಕ್ಕೂ ಸೂಜಿಯ ತೂತುಗಳಿದ್ದವು. ಅವನ್ನೇ ನೋಡುತ್ತ, "ಎಷ್ಟು ಜನ ಓದಿದ್ರು ಆಂಟಿ?" ಎಂದು ಕೇಳಿದಳು.

ಇಲ್ಲಿ ಸುಮ್ಮನೆ 'ಇವಳೊಬ್ಬಳೇ' ಎಂದುಬಿಡಬಹುದಿತ್ತು. ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಮೊದಲು ನಾನು ಓದಿದೆ" ಎಂದಳು ಸೂಜಕ್ಕ. "ಅಂಗಡಿಯಲ್ಲಿ, ಎಲ್ಲರ ಮುಂದೆ, ಗಟ್ಟಿಯಾಗಿ. ಇವಳು ತರಗತಿಯಲ್ಲಿ ಓದಿದ್ದು ಆಮೇಲೆ."

ಪುಟ್ಟಿ ತಿರುಗಿ ತಾಯಿಯ ಮುಖ ನೋಡಿದಳು. ಸೂಜಕ್ಕ ಆ ಕಡೆ ನೋಡಲಿಲ್ಲ. ಭೂಮಿ ಬಾಯಿ ಬಿಟ್ಟಿದ್ದರೆ ಕಬ್ಬಿಣದ ಮೆಟ್ಟಿಲ ಸಮೇತ ಇಳಿದುಹೋಗುತ್ತಿದ್ದಳು.

"ನಗು ಬಂತಾ?"

"ಬಂತು."

"ಯಾವುದಕ್ಕೆ?"

"'ನೀವೇ ಬರೆದುಕೊಂಡು ಅಂಕ ಹಾಕಿ' ಅನ್ನೋದಕ್ಕೆ."

ಹುಡುಗಿ ತಲೆಯಾಡಿಸಿದಳು. "ಅದು ನಗಲಿ ಅಂತಾನೇ ಬರೆದಿದ್ದು. ಸಾರ್ ನಕ್ಕರೆ ಎರಡು ಅಂಕ ಹಾಕ್ತಾರೇನೋ ಅಂತ. ಸಾರ್ ನಗಲಿಲ್ಲ." ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟು, "ಅದಾದ ಮೇಲಿಂದು ನಗೋಕೆ ಬರೆದಿದ್ದಲ್ಲ. ಅದನ್ನೂ ಹಾಗೇ ಓದಿದ್ರಾ?" ಎಂದಳು.

"ಹಾಗೇ ಓದಿದೆ. ನಮ್ಮಲ್ಲಿ ಒಬ್ಬರು ನಗೋದು ನಿಲ್ಲಿಸಿದ್ರು. ನಾನು ನಿಲ್ಲಿಸಲಿಲ್ಲ. ಎಲ್ಲರೂ ನನ್ನನ್ನೇ ಕೇಳ್ತಿದ್ರಲ್ಲ, ಅದು ಬಿಟ್ಟುಹೋಗೋದು ಬೇಡ ಅನ್ನಿಸ್ತು."

"ಮೊನ್ನೆ ನಂಗೆ ಬೈದೆಯಲ್ಲಮ್ಮ" ಎಂದಳು ಪುಟ್ಟಿ, ತೀರ ಸಣ್ಣ ಧ್ವನಿಯಲ್ಲಿ. ಹದಿಮೂರು ವರ್ಷದಲ್ಲಿ ಮಗಳು ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು.

ಒಲೆಯ ಮೇಲಿನದು ಉಕ್ಕಿತು. ಉದ್ದಜಡೆ ಓಡಿಹೋಗಿ ಉರಿ ಸಣ್ಣ ಮಾಡಿ ಬಂದಳು. ಬಂದವಳು ಬಾಗಿಲು ಪೂರ್ತಿ ತೆರೆದಿಟ್ಟಳು, ಆದರೆ ಒಳಗೆ ಬನ್ನಿ ಎನ್ನಲಿಲ್ಲ.

"ನೀವು ಓದಿದ್ದು ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ ಅಲ್ವಾ ಆಂಟಿ?"

"ಗೊತ್ತಿಲ್ಲ."

"ಒಳ್ಳೇದಾಯ್ತು ನಿಮಗೆ."

ಬಯ್ಗುಳವಾಗಿದ್ದರೆ ಸೂಜಕ್ಕ ತಾಳಿಕೊಳ್ಳುತ್ತಿದ್ದಳು. ಹುಡುಗಿ ಅದನ್ನು ಹೇಳಿದ್ದು ಬಸ್ಸು ಬಂತು ಎನ್ನುವ ಹಾಗೆ, ಸುಮ್ಮನೆ.

"ಸೋಮವಾರ ಬಾ ಮಗಳೇ. ಇನ್ನೊಂದು ವರ್ಷ ಕೈಬಿಟ್ಟುಹೋಗುತ್ತೆ. ನಿಂಗೇನು ಬೇಕು ಹೇಳು, ನೋಟ್‌ಬುಕ್ಕು ಬೇಕಾದ್ರೆ ಹೊಲಿದು ಕೊಡ್ತೀನಿ."

"ನೀವು ಹೊಲಿದಿದ್ದಾ?" ಉದ್ದಜಡೆಯ ತುಟಿಯ ಒಂದು ತುದಿ ಸ್ವಲ್ಪ ಅಲುಗಿತು. "ಅದರೊಳಗೆ ಯಾರ ಮನೆ ಕಥೆ ಇರುತ್ತೋ." ಆಮೇಲೆ ಮುಖ ಗಟ್ಟಿ ಮಾಡಿಕೊಂಡಳು. "ನೋಟ್‌ಬುಕ್ಕು ಇದೆ. ಬಂದ್ರೆ ಎಲ್ಲರೂ ನನ್ನನ್ನೇ ನೋಡ್ತಾರೆ. ನೀವು ಮೊದಲು ಬನ್ನಿ. ಬಂದು, ನಾನು ಓದಿ ನಕ್ಕೆ ಅಂತ ಹೇಳಿ. ನಿಮ್ಮನ್ನ ನೋಡ್ಲಿ. ಆಮೇಲೆ ನಾನು ಬರ್ತೀನಿ."

ವಾಪಸು ಬರುವಾಗ ತಾಯಿ ಮಗಳು ರಸ್ತೆಯ ಒಂದೇ ಬದಿಯಲ್ಲಿ ನಡೆದರೂ ಇಬ್ಬರ ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗವಿತ್ತು. ಸೇತುವೆಯ ಮೇಲೆ ಪುಟ್ಟಿ, "ಹೋಗ್ತೀಯಾ?" ಎಂದು ಕೇಳಿದಳು. ಸೂಜಕ್ಕ ಹೂಂ ಎಂದಳು. "ಭಯ ಆಗಲ್ವಾ?" ಎಂದು ಕೇಳಿದ್ದಕ್ಕೆ, "ಭಯ ಅಲ್ಲ ಪುಟ್ಟಿ, ಮುಖ ಎಲ್ಲಿಡೋದು ಅಂತ" ಎಂದಳು. ಪುಟ್ಟಿ ಎರಡು ಹೆಜ್ಜೆ ಹತ್ತಿರ ಬಂದು ನಡೆದಳು.

ಆ ಹೊತ್ತಿಗೆ ಸುದ್ದಿ ಬೇರೆ ದಾರಿಯಿಂದಲೂ ಹರಡಿತ್ತು. ಚೂರಾಗಬೇಕಿದ್ದ ಉತ್ತರ ಪತ್ರಿಕೆ ತರಗತಿಯೊಳಗೆ ಹೇಗೆ ಬಂತು ಎಂದು ಮುಖ್ಯೋಪಾಧ್ಯಾಯಿನಿ ಯಜಮಾನರಿಗೆ ಫೋನು ಮಾಡಿ, ಸೋಮವಾರ ಬೆಳಿಗ್ಗೆ ಬಂದು ವಿವರಣೆ ಕೊಡಿ ಎಂದಿದ್ದರು. ಶನಿವಾರ ಸಂಜೆಯೇ ಸೂಜಕ್ಕ ಯಜಮಾನರ ಮನೆಗೆ ಹೋಗಿ, ಓದಿದ್ದು, ನಕ್ಕದ್ದು, ಇಟ್ಟುಕೊಂಡದ್ದು, ಹೊಲಿದದ್ದು ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀನಾ ಸೂಜಕ್ಕ?" ಎಂದರು. ಅದೊಂದನ್ನೇ ಎರಡು ಸಲ.

ಸೋಮವಾರ ಬೆಳಿಗ್ಗೆ ಅವಳು ಅಂಗಡಿಗೆ ಬಂದು ಬಾಗಿಲು ತೆರೆದು ಸೂಜಿ ಎಣಿಸಿ, ಮತ್ತೆ ಬಾಗಿಲು ಮುಚ್ಚಿ, ಶಾಲೆಗೆ ನಡೆದಳು. ಹೈಸ್ಕೂಲಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ಜಗಲಿ, ಒಂದು ಬದಿಗೆ ತರಗತಿಗಳು, ಹಾಜರಿ ಕೂಗುವ ಸದ್ದು. ಎಷ್ಟೋ ಸಲ ಈ ಜಗಲಿಯಲ್ಲಿ ತಾನು ನಡೆಯುವುದನ್ನು ಅವಳು ಊಹಿಸಿಕೊಂಡಿದ್ದಳು; ಮಗಳಿಗೆ ಬಹುಮಾನ ಬಂದ ದಿನವೋ ಏನೋ ಎಂದು. ಅದು ನೆನಪಾಗಿ ಕುತ್ತಿಗೆಯವರೆಗೂ ಬಿಸಿಯೇರಿತು.

ಯಜಮಾನರು ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವಳನ್ನು ಕಂಡು ಎದ್ದು, ಕಂಬದ ಮರೆಗೆ ಕರೆದರು.

"ನೋಡಮ್ಮ, ನಾನು ರಾತ್ರಿಯೆಲ್ಲ ಯೋಚನೆ ಮಾಡಿದೆ. ನೀನು ಒಳಗೆ ಬರೋದೇನೂ ಬೇಡ. ಹಾಳೆ ಆರಿಸುವಾಗ ನನ್ನ ಕೈಯಿಂದಲೇ ತಪ್ಪಾಯ್ತು ಅಂತ ಹೇಳ್ತೀನಿ. ನಂಗೆ ವಯಸ್ಸಾಯ್ತು, ಕಣ್ಣು ಮಂಜು, ಯಾರೂ ಏನೂ ಅನ್ನಲ್ಲ. ನಿನ್ನ ಮಗಳು ಇನ್ನೂ ಮೂರು ವರ್ಷ ಇಲ್ಲೇ ಓದಬೇಕು. ಅವಳಮ್ಮ ಹೀಗೆ ಮಾಡಿದಳು ಅಂತ ಯಾಕೆ ಆಗಬೇಕು? ಹದಿನಾಲ್ಕು ವರ್ಷ ಒಂದು ಸೂಜಿ ತಪ್ಪಿಸಿಲ್ಲ ನೀನು. ಇಷ್ಟು ಮಾಡ್ತೀನಿ ನಿಂಗೆ."

ಅವರು ಮನಸಾರೆ ಹೇಳುತ್ತಿದ್ದರು. ಸೂಜಕ್ಕನ ಕಣ್ಣು ತುಂಬಿತು. ಹೂಂ ಎಂದುಬಿಡಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ, ಅವರ ಮುಖ ನೋಡಲಾರದೆ ಕಂಬದ ಆಚೆಗೆ ತಿರುಗಬೇಕಾಯಿತು. ಹಾಗೆ ತಿರುಗಿದಾಗ ಜಗಲಿಯ ಆ ತುದಿ ಕಾಣಿಸಿತು. ಅಲ್ಲಿ ಕುಡಿಯುವ ನೀರಿನ ನಲ್ಲಿಗಳ ಹತ್ತಿರ, ಚೀಲ ಬೆನ್ನಿಗೆ ಹಾಕಿಕೊಂಡು, ಉದ್ದ ಜಡೆಯ ಹುಡುಗಿಯೊಬ್ಬಳು ನಿಂತಿದ್ದಳು. ತರಗತಿಗೂ ಹೋಗಿರಲಿಲ್ಲ, ಮನೆಗೂ ಹೋಗಿರಲಿಲ್ಲ. ಈ ಕಡೆಯೇ ನೋಡುತ್ತಿದ್ದಳು.

"ಬೇಡ ಯಜಮಾನ್ರೇ" ಎಂದಳು ಸೂಜಕ್ಕ. "ನೀವು ಕೂತ್ಕೊಳ್ಳಿ. ನಾನೇ ಹೋಗಿ ಹೇಳ್ತೀನಿ."